ಹೊನ್ನಪ್ಪ ಮಣ್ಣು ಮೆಟ್ಟಲಿಲ್ಲ

ವಿಮಾನದ ಕಿಟಕಿಗೆ ಮೂಗೊತ್ತಿ ನೋಡಿದ ಹೊನ್ನಪ್ಪನಿಗೆ ಮೊದಲು ಕಂಡದ್ದು ಹರಿಗೋಲು. ಆಮೇಲೆ ಕಂಡದ್ದು ಹುಟ್ಟು ಹಾಕುತ್ತಿದ್ದವನ ಗಿರಿಜಾ ಮೀಸೆ. ಆ ಮೀಸೆಯನ್ನು ಅವನು ಲೋಕದ ಯಾವ ಮೂಲೆಯಲ್ಲಿ ಕಂಡರೂ ಗುರುತು ಹಿಡಿಯುತ್ತಿದ್ದ. ಅದು ಕೆಂಪಣ್ಣನದು.

ಅಂದರೆ ಇದು ನಮ್ಮೂರು. ಹೊನ್ನಪ್ಪ ಹ್ಯಾಟನ್ನು ಕಿವಿಯವರೆಗೆ ಎಳೆದುಕೊಂಡ.

ನೀರಿನ ಮೇಲೆ ಇಳಿಯುವ ವಿಮಾನ ಅದು. ೧೯೩೮ರ ಮುಂಗಾರಿನ ಒಂದು ಬೆಳಿಗ್ಗೆ ಮುಂಬಯಿ ಬಿಟ್ಟಿತ್ತು. ಕೊಲಂಬೊ ಮುಟ್ಟಿ ಸಿಂಗಾಪುರಕ್ಕೆ ಹೋಗಬೇಕಿತ್ತು. ಕರಾವಳಿಯ ಉದ್ದಕ್ಕೂ ಬಿರುಗಾಳಿ ಎದ್ದಿತು. ಪೈಲಟ್ ಒಳನಾಡಿನ ಕಡೆ ತಿರುಗಿಸಿದ. ಪೆಟ್ರೋಲು ಮುಗಿಯುತ್ತಾ ಬಂದಾಗ ಮೋಡದ ಸಂದಿಯಲ್ಲಿ ದೊಡ್ಡ ನೀರು ಕಂಡು ಇಳಿಸಿಬಿಟ್ಟ. ಭೂಮಂಡಲದಲ್ಲಿ ಅಷ್ಟೊಂದು ನೀರಿರುವಾಗ ಆ ಪುಣ್ಯಾತ್ಮನಿಗೆ ಸಿಕ್ಕಿದ್ದು ಕನ್ನಂಬಾಡಿ ಕಟ್ಟೆಯ ಹಿನ್ನೀರು.

ಹೊನ್ನಪ್ಪ ಬೆಲ್ಲದ ವ್ಯಾಪಾರಿ. ಮುಂಬಯಿಯ ಮಂಡಿಯವರು ಸಿಂಗಾಪುರಕ್ಕೆ ಕಳಿಸುತ್ತೇವೆ ಎಂದದ್ದೇ ತಡ, ಊರ ಚಾವಡಿಯಲ್ಲಿ ಅವನ ಬಾಯಿಗೆ ಬೀಗವೇ ಇಲ್ಲದಂತಾಯಿತು. ಚಿಕ್ಕಂದಿನಿಂದ ಜೊತೆಯಲ್ಲೇ ಬೆಳೆದ ಕೆಂಪಣ್ಣ ನಕ್ಕಿದ್ದ.

"ಗಾಡಿ ಅಳ್ಳಕ್ಕಿಳಿದ್ರೆ ಮಾರಮ್ಮನ್ನ ಕೂಗೋನು ನೀನು. ಇಮಾನ ಅತ್ತೀಯೇನ್ಲಾ? ನೀ ಅದ್ರಾಗಿರೋದ ನನ್ ಕಣ್ಣಾರೆ ಕಂಡ್ರೆ ಅರ್ಧ ಮೀಸೆ ಬೋಳುಸ್ಕತೀನಿ."

ಅಲ್ಲಿಗೆ ಸುಮ್ಮನಾಗಿದ್ದರೆ ಅವನು ಹೊನ್ನಪ್ಪನೇ ಅಲ್ಲ. "ಸಿಂಗಾಪುರ ನೋಡ್ದೆ ಈ ಊರ ಮಣ್ ಮೆಟ್ಟಿದ್ರೆ ನಂದೂ ಅರ್ಧ ಬೋಳುಸ್ಕತೀನಿ, ಓಗ್ಲಾ" ಎಂದ. ಇಬ್ಬರೂ ಮಾರಮ್ಮನ ಕುಂಕುಮ ಮುಟ್ಟಿದರು. ಹಾಗೆ ಮುಟ್ಟಿ ಆಡಿದ ಮಾತಿಗೆ ಸಾಕ್ಷಿ ಬೇಡ, ಕೇಳುವವರೂ ಬೇಡ. ತಪ್ಪಿದವನ ಮನೆಯ ಹಸು ಕೂಡ ಹಾಲು ಕೊಡುವುದಿಲ್ಲ ಎಂದು ಊರಿನ ನಂಬಿಕೆ. ಆಮೇಲೆ ಓಲಗ ಊದಿಸಿ, ಹಾರ ಹಾಕಿ ಅವನನ್ನು ಕಳಿಸಿಕೊಟ್ಟಿದ್ದರು. ಆ ಹಾರದ ಹೂವು ಇನ್ನೂ ಪೂರ್ತಿ ಒಣಗಿರಲಿಕ್ಕಿಲ್ಲ.

ವಿಮಾನದವರನ್ನು ಹತ್ತಿಸಿಕೊಂಡ ಕೆಂಪಣ್ಣನ ಹರಿಗೋಲು ದಡ ಸೇರಿತು. ಮಿಕ್ಕ ಪ್ರಯಾಣಿಕರು ಗೊಣಗುತ್ತಾ ಕೆಸರಿಗಿಳಿದರು. ಹೊನ್ನಪ್ಪ ಕದಲಲಿಲ್ಲ. ಬೂಟು ಮೆಟ್ಟಿದರೆ ನಾನು ಮೆಟ್ಟಿದ ಹಾಗೆಯೋ ಅಲ್ಲವೋ, ಮಾರಮ್ಮ ಇದನ್ನು ಹೇಗೆ ತೀರ್ಮಾನಿಸುತ್ತಾಳೆ ಎಂದು ಯೋಚಿಸುತ್ತಾ ಕೂತಿದ್ದ. ಕೆಂಪಣ್ಣ ಹ್ಯಾಟಿನ ಅಡಿಗೆ ಒಮ್ಮೆ ನೋಡಿದ. ಮೀಸೆಯನ್ನು ಒಮ್ಮೆ ಸವರಿಕೊಂಡ. ಆಮೇಲೆ ಬೆನ್ನು ತಿರುಗಿಸಿ ಬಗ್ಗಿ ನಿಂತ.

"ಅತ್ಕಳಿ ದೊರೆ. ಬೂಟು ಕೆಟ್ಟೋಯ್ತದೆ."

ಹೊನ್ನಪ್ಪ ಬೆಲ್ಲದ ಮೂಟೆಯಂತೆ ಆ ಬೆನ್ನೇರಿದ. ಕೆಂಪಣ್ಣ ಏದುಸಿರು ಬಿಡುತ್ತಾ ಹೊತ್ತುಕೊಂಡು ಹೋಗಿ ಇಸ್ಕೂಲಿನ ಕಲ್ಲಿನ ಜಗಲಿಯ ಮೇಲೆಯೇ ಇಳಿಸಿದ. ದೊರೆಗಳಲ್ಲೂ ಕಪ್ಪು ಬಣ್ಣದವರು ಇರುತ್ತಾರೆ ಎಂದು ಇವನು ನಂಬಿಬಿಟ್ಟನಲ್ಲ ಎಂದು ಹೊನ್ನಪ್ಪನಿಗೆ ಒಳಗೊಳಗೇ ನಗು.

ಕಂಪನಿಯವನು ಎಲ್ಲರ ಕ್ಷಮೆ ಕೇಳಿದ. ಶ್ರೀರಂಗಪಟ್ಟಣದಿಂದ ಪೆಟ್ರೋಲಿನ ಡಬ್ಬಗಳು ಬರಬೇಕು. ನಾಳೆ ಬೆಳಿಗ್ಗೆ ಹೊರಡುತ್ತೇವೆ ಎಂದ. ಒಬ್ಬ ಮೇಡಮ್ಮು ಅತ್ತಳು. ಒಬ್ಬ ಸಾಹೇಬ ಇಲ್ಲಿ ಹುಲಿ ಬರುತ್ತದೆಯೇ ಎಂದು ವಿಚಾರಿಸಿದ. ಹೊನ್ನಪ್ಪನಿಗೆ ಹುಲಿಯ ಭಯವಿರಲಿಲ್ಲ, ಗುರುತು ಸಿಕ್ಕರೆ ಊರಿನವರು ಮಣ್ಣಿಗಿಳಿಸಿ ಮನೆಗೆ ಎಳೆದೊಯ್ದಾರು ಎಂಬ ಭಯವಿತ್ತು. ಊರಿನವರು ತನ್ನನ್ನು ಗುರುತಿಸುವುದು ಮುಖದಿಂದಲ್ಲ, ಮೀಸೆಯಿಂದ ಎಂಬುದು ಅವನಿಗೆ ಗೊತ್ತಿತ್ತು. ಅದೇ ಸಾಹೇಬನ ಕ್ಷೌರದ ಕತ್ತಿ ಕೇಳಿ ಪಡೆದು, ಕೊಠಡಿಯ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕೂತ. ಅರ್ಧ ಮೀಸೆ ಉಳಿಸಿಕೊಳ್ಳುವುದಕ್ಕೆ ಪೂರ್ತಿ ಮೀಸೆ ಬೋಳಿಸಿದ ಬುದ್ಧಿವಂತ ಆ ಸೀಮೆಯಲ್ಲಿ ಅವನೊಬ್ಬನೇ ಇದ್ದಿರಬೇಕು.

ಸಂಜೆ ಊರಿನವರು ಮುದ್ದೆ, ಹುರುಳಿ ಸಾರು ತಂದರು. ಎಲೆಗೆ ಮುದ್ದೆ ಹಾಕುತ್ತಾ ಬಂದವಳು ಅವನ ಹೆಂಡತಿ ದೊಡ್ಡತಾಯಮ್ಮ. ಹಿಂದೆ ಸಾರಿನ ಪಾತ್ರೆ ಹಿಡಿದ ಕೆಂಪಣ್ಣ, ಮೂಗಿನವರೆಗೆ ಟವಲ್ಲು ಸುತ್ತಿಕೊಂಡಿದ್ದ.

"ಈ ದೊರೆ ನಮ್ಮೋರಂಗೇ ಅಗೀದೆ ನುಂಗ್ತಾವ್ರಲ್ಲ ಕೆಂಪಣ್ಣ" ಎಂದಳು ದೊಡ್ಡತಾಯಮ್ಮ.

ಹೊನ್ನಪ್ಪ ತಕ್ಷಣ ಮುದ್ದೆಯನ್ನು ಅಗಿಯತೊಡಗಿದ. ಅದು ಹಲ್ಲಿಗೆಲ್ಲ ಮೆತ್ತಿಕೊಂಡಿತು. ಕೆಂಪಣ್ಣ ಸಾರು ಬಿಟ್ಟು ಮುಂದೆ ಹೋದ.

"ಪಾಪ, ಮದ್ಯಾನದಿಂದ ದವಡೆ ನೋವಂತೆ. ಬಾಯೇ ಬುಡ್ತಿಲ್ಲ" ಎಂದು ಅವಳು ಪಕ್ಕದವಳಿಗೆ ಹೇಳಿದಳು.

ನನ್ನನ್ನು ಆಡಿಕೊಂಡು ನಕ್ಕ ಬಾಯಿಗೆ ಮಾರಮ್ಮ ಸರಿಯಾಗಿಯೇ ಮಾಡಿದಳು ಎಂದು ಹೊನ್ನಪ್ಪ ಹಿಗ್ಗಿದ. ಆದರೆ ಹೆಂಡತಿ ತನ್ನನ್ನು ಎರಡನೇ ಸಲ ನೋಡದೆ ಮುಂದಿನ ಎಲೆಗೆ ಹೋದಾಗ ಸಂಕಟವಾಯಿತು. ಇಷ್ಟು ವರ್ಷ ಇವಳು ಸಂಸಾರ ಮಾಡಿದ್ದು ಮೀಸೆಯ ಜೊತೆಯೋ ನನ್ನ ಜೊತೆಯೋ ಎನ್ನಿಸಿತು. ಬಡಿಸಿ ಮುಗಿಸಿ ಅವಳು ಅಂಗಳಕ್ಕಿಳಿದಾಗ ಎದ್ದು ಹೋಗಿ ಕೈ ಹಿಡಿಯಬೇಕೆನಿಸಿತು. ಜಗಲಿಯಾಚೆ ಮಣ್ಣಿತ್ತು, ಎದ್ದೇಳಲಿಲ್ಲ.

ಬೆಳಿಗ್ಗೆ ಪೆಟ್ರೋಲು ಬಂತು. ಕೆಂಪಣ್ಣ ಟವಲ್ಲು ಬಿಚ್ಚದೆಯೇ ಮತ್ತೆ ಬೆನ್ನು ಕೊಟ್ಟ. ಜಗಲಿಯಿಂದ ಹರಿಗೋಲಿಗೆ, ಹರಿಗೋಲಿನಿಂದ ವಿಮಾನಕ್ಕೆ. ಹೊನ್ನಪ್ಪನ ಬೂಟಿಗೆ ಒಂದು ಚೂರು ಮಣ್ಣು ಅಂಟಲಿಲ್ಲ.

"ಉಸಾರು ದೊರೆ" ಎಂದ ಕೆಂಪಣ್ಣ, ಟವಲ್ಲಿನೊಳಗಿಂದಲೇ. "ಸಿಂಗಾಪುರ ನೋಡ್ದೆ ಮಾತ್ರ ಬರಬ್ಯಾಡಿ."

ಹೊನ್ನಪ್ಪ ದೊರೆಯ ಹಾಗೆ ತಲೆ ಕುಣಿಸಿ ಒಳಗೆ ಹೋದ. ಗೆದ್ದೆ ಎಂದು ಬೋಳು ಮೂತಿಯನ್ನು ಸವರಿಕೊಂಡು ಕಿಟಕಿಯ ಬಳಿ ಕೂತ. ಎಂಜಿನ್ನು ಗುಡುಗಿತು. ವಿಮಾನದ ಫ್ಯಾನಿನ ಗಾಳಿ ಹರಿಗೋಲಿಗೆ ಬಡಿದು, ಕೆಂಪಣ್ಣನ ಟವಲ್ಲು ಹಾರಿ ನೀರಿಗೆ ಬಿತ್ತು.

ಮೂಗಿನ ಬಲಗಡೆ ಎಂದಿನ ಗಿರಿಜಾ ಮೀಸೆ ಇತ್ತು, ಎಡಗಡೆ ನುಣ್ಣಗಿತ್ತು.