ಇರ್ಮಾ ಪರ ವಕೀಲ

"ನೀನೂ ಒಬ್ಬ ವಕೀಲನೇನೋ? ಜಡ್ಜ್ ಬಾಗಿಲ ಕಾಲೊರಸು!"

ಕೋರ್ಟಿನ ಪಡಸಾಲೆಯಲ್ಲಿ ಕ್ಯಾರಿನ್ ಕೂಗಿದ ರಭಸಕ್ಕೆ ಬೆಂಚಿನ ಮೇಲಿದ್ದವರೆಲ್ಲ ತಿರುಗಿ ನೋಡಿದರು. ವೆಂಡೆಲ್ ತಲೆ ತಗ್ಗಿಸಿದ. ಅವನ ಮೇಲೆ ಅವಳು ಹೂಡಿದ್ದ ದಾವೆ ಈಗಷ್ಟೇ ಬಿದ್ದುಹೋಗಿತ್ತು. ಕೋರ್ಟಿನ ಸಂಬಳದ ಗುಮಾಸ್ತ ಕೋರ್ಟು ಹೇಳಿದಂತೆ ಯಾರದೋ ಪರ ನಿಂತು ಎಡವಿದರೆ, ಅವನ ಮೇಲೆ ದಾವೆ ನಡೆಯುವುದಿಲ್ಲ. ಕಾಯ್ದೆ ಹಾಗಿದೆ.

ವೆಂಡೆಲ್ ಲಾ ಓದಿ ಜಡ್ಜರಿಗೆ ಗುಮಾಸ್ತನಾದವನು. ದಿಕ್ಕಿಲ್ಲದ ಮುದುಕರ ಕೇಸು ಬಂದರೆ ಜಡ್ಜರು ಅವನನ್ನೇ ವಕೀಲನೆಂದು ನಿಲ್ಲಿಸುತ್ತಿದ್ದರು. ಜಡ್ಜರ ತೀರ್ಪು ಟೈಪು ಮಾಡುವವನೂ ಅವನೇ. ಕ್ಯಾರಿನ್‌ಳ ಅಜ್ಜಿ ಇರ್ಮಾಳನ್ನು ವೃದ್ಧಾಶ್ರಮಕ್ಕೆ ಸೇರಿಸುವ ತೀರ್ಪನ್ನು ವಿಚಾರಣೆಯ ಹಿಂದಿನ ಸಂಜೆಯೇ ಟೈಪು ಮಾಡಿಟ್ಟಿದ್ದ. ಮರುದಿನ ಅವಳ ಪರ ಎದ್ದು ನಿಂತಾಗ, "ಹೇಳುವುದೇನಾದರೂ ಇದೆಯೇ?" ಎಂದರು ಜಡ್ಜರು. ಅವರ ಕೈಯಲ್ಲಿ ಆ ಹಾಳೆ. "ಏನೂ ಇಲ್ಲ ಸ್ವಾಮಿ" ಎಂದುಬಿಟ್ಟ. ಇರ್ಮಾ ಅಲ್ಲಿ ಒಂದು ಚಳಿಗಾಲವನ್ನೂ ದಾಟಲಿಲ್ಲ.

ಈ ದಾವೆಗೆಂದು ಸರ್ಕಾರ ವೆಂಡೆಲ್‌ಗೆ ಕೊಟ್ಟಿದ್ದ ವಕೀಲ ಹ್ಯಾಂಕಿನ್ಸ್ ಈಗ ಅವನ ಕಿವಿಯಲ್ಲಿ ಉಸುರಿದ: "ಬಾಯಿ ಬಿಡಬೇಡಪ್ಪಾ. ಅವಳಿನ್ನೂ ಅಪೀಲು ಹೋಗ್ಬೋದು. ಎಡವಿದ್ರೆ ಕಾಯ್ದೆ ಕಾಯುತ್ತೆ. ಗೊತ್ತಿದ್ದೂ ಮಾಡ್ದೆ ಅಂದ್ರೆ ಕೈ ಬಿಡುತ್ತೆ."

ಕ್ಯಾರಿನ್ ಹತ್ತಿರ ಬಂದಳು. ದನಿ ಈಗ ಇಳಿದಿತ್ತು.

"ದಾವೆ ಹಾಳಾಗ್ಲಿ. ನಾನು ಸೈನ್ಯದಲ್ಲಿ ಎಲ್ಲೋ ದೂರ ಇದ್ದೆ, ನಂಗೆ ಗೊತ್ತಾಗ್ಲಿಲ್ಲ. ಒಂದೇ ಒಂದು ಮಾತು ಹೇಳು. ಅಜ್ಜಿ ತಾನೇ ಒಪ್ಕೊಂಡು ಹೋದ್ಳಾ, ಇಲ್ಲ ಬೇಡ ಅಂದಿದ್ಳಾ?"

ಇರ್ಮಾಳ ಅಡುಗೆಮನೆ ಕಣ್ಣಿಗೆ ಕಟ್ಟಿತು. ಮೇಜಿನ ಕೆಳಗೆ ಕುರುಡು ನಾಯಿ. ಅವನ ತಟ್ಟೆಗೆ ಸೇಬಿನ ಪೈ ಹಾಕುತ್ತ ಅವಳು ಅಂದಿದ್ದಳು: "ಈ ಮುದಿ ನಾಯಿ ಸಾಯೋವರ್ಗೂ ನಾನು ಈ ಮನೆ ಬಿಡಲ್ಲ. ಆಮೇಲೆ ಎಲ್ಲಿಗಾದ್ರೂ ಹೊತ್ಕೊಂಡು ಹೋಗಿ. ಹಾಗಂತ ಜಡ್ಜಿಗೆ ಹೇಳ್ತೀಯ ತಾನೇ ಮಗಾ?" ಬಾಯಿ ತುಂಬ ಪೈ ಇದ್ದದ್ದರಿಂದ ಅವನು ಜೋರಾಗಿ ತಲೆಯಾಡಿಸಿದ್ದ.

ವೆಂಡೆಲ್‌ನ ತುಟಿ ಅಲುಗಿತು. ಹ್ಯಾಂಕಿನ್ಸ್‌ನ ಕೈ ಅವನ ಮೊಣಕೈಯನ್ನು ಮೆಲ್ಲಗೆ ಅದುಮಿತು. ವೆಂಡೆಲ್ ತಿರುಗಿ ನಡೆಯತೊಡಗಿದ.

"ಅಜ್ಜಿ ಪರ ನಿಂತಾಗ್ಲೂ ಹೀಗೇ ಇದ್ಯೇನೋ?" ಹಿಂದಿನಿಂದ ಕ್ಯಾರಿನ್ ಕೇಳಿದಳು.

ಅವನು ನಿಲ್ಲಲಿಲ್ಲ.