ಮೂರನೆಯ ಹೆಸರು

ಸಿಯೋಲ್‌ನ ಕ್ರೀಡಾಂಗಣ ಭರ್ತಿಯಾಗಿತ್ತು. ಪಾಪ್ ತಂಡದ ಕಾರ್ಯಕ್ರಮ ಇನ್ನೇನು ಶುರುವಾಗುವುದಿತ್ತು. ಕಟ್ಟಕಡೆಯ ಸಾಲಿನಲ್ಲಿ ಮಾಸ್ಕ್ ಹಾಕಿಕೊಂಡು ಒಬ್ಬನೇ ಕುಳಿತಿದ್ದವನನ್ನು ಪಕ್ಕದ ಹುಡುಗಿ ಮಾತಾಡಿಸಿದಳು.

"ಅಣ್ಣಾ, ಮೊದಲನೇ ಸಲನಾ? ಮೊದಲು ಗಯಾಗಮ್ ತಂತಿ ನುಡಿಯುತ್ತೆ, ನಮ್ಮಜ್ಜಿ ಕಾಲದ ವಾದ್ಯ. ಆಗ ನಾವೆಲ್ಲ ಗಾಯಕರ ಹೆಸರು ಒಂದೊಂದಾಗಿ ಕೂಗ್ಬೇಕು. ತಮ್ಮ ಹೆಸರು ಬಂದ ತಕ್ಷಣ ಅವರು ಬಲಗೈ ಎತ್ತುತ್ತಾರೆ, ನೋಡ್ತಿರಿ."

"ಐದು ಹೆಸರು ಅಲ್ವಾ?"

"ಐದಿತ್ತು. ಮೂರನೆಯವನು ತಂಡ ಬಿಟ್ಟ. ಅವನ ಹೆಸರು ಬರೋ ಹೊತ್ತಿಗೆ ಕೈಲಿರೋ ದೀಪ ಇಳಿಸಿ ಸುಮ್ಮನಿರಬೇಕು."

"ಯಾಕೆ ಬಿಟ್ಟನಂತೆ?"

"ಯಾರಿಗ್ಗೊತ್ತು. ಸೊಕ್ಕು ಅಂತಾರೆ."

"ಹಾಗಾದ್ರೆ ಅವನಿಗೋಸ್ಕರ ಜಾಗ ಯಾಕೆ ಬಿಡ್ತೀರಿ?"

"ಅವನಿಗೋಸ್ಕರ ಅಲ್ಲ ಅಣ್ಣಾ. ಬಿಡದಿದ್ರೆ ತಾಳ ತಪ್ಪುತ್ತೆ."

ಅವನು ಮಾಸ್ಕ್ ಮೇಲೆಳೆದುಕೊಂಡು ವೇದಿಕೆಯತ್ತ ತಿರುಗಿದ.

ತಂತಿ ನುಡಿಯಿತು. ಇಡೀ ಕ್ರೀಡಾಂಗಣ ಮೊದಲ ಹೆಸರು ಕೂಗಿತು. ವೇದಿಕೆಯ ಮೇಲೆ ಒಂದು ಕೈ ಎದ್ದಿತು. ಎರಡನೆಯ ಹೆಸರಿಗೆ ಇನ್ನೊಂದು ಕೈ. ಆಮೇಲೆ ಸಾವಿರಾರು ದೀಪಗಳು ಒಟ್ಟಿಗೆ ಕೆಳಗಿಳಿದವು. ಒಂದು ತಾಳದಷ್ಟು ಹೊತ್ತು ಯಾರೂ ಉಸಿರೆತ್ತಲಿಲ್ಲ.

ಮಾಸ್ಕ್ ಹಾಕಿದ್ದವನ ಬಲಗೈ ತಾನಾಗಿಯೇ ಮೇಲೆದ್ದಿತು.