ಜ್ವಾಲಾಮುಖಿಗೆ ಒಂದು ಅಡಿಟಿಪ್ಪಣಿ

“ಈ ನೀಲಿ ಪುಸ್ತಕಕ್ಕೆ ಬಹುಮಾನ ಕೊಡೋದಾದ್ರೆ ನನ್ನ ರುಜು ಇಲ್ಲ,” ಎಂದು ಭೂಗರ್ಭಶಾಸ್ತ್ರದ ಮೇಷ್ಟ್ರು ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡರು.

ಎದುರಿಗೆ ಕೂತಿದ್ದವಳು ಗ್ರಂಥಾಲಯದ ಮೇಲ್ವಿಚಾರಕಿ. ಸಂಬಂಧದಲ್ಲಿ ಅವರ ನಾದಿನಿ. ಡೈನೋಸಾರ್‌ಗಳು ಅಳಿದ ಕಥೆ ಹೇಳುವ ಪುಸ್ತಕಗಳಲ್ಲಿ ಒಂದನ್ನು ಇಬ್ಬರೂ ಒಪ್ಪಿ ಆರಿಸಬೇಕು. ಗೆದ್ದದ್ದು ಎಲ್ಲ ಶಾಲೆಗಳಿಗೂ ಹೋಗುತ್ತದೆ. ಮೇಜಿನ ಮೇಲೆ ಈಗ ಎರಡೇ ಉಳಿದಿದ್ದವು. ಆಕಾಶದಿಂದ ಬಿದ್ದ ಬಂಡೆ ಕೊಂದಿತು ಎನ್ನುವ ನೀಲಿ, ಜ್ವಾಲಾಮುಖಿಗಳು ಕೊಂದವು ಎನ್ನುವ ಕೆಂಪು.

“ತಪ್ಪು ಹುಡುಕ್ತೀನಿ ಅಂತ ನೀಲೀನ ಒಂದು ವಾರ ಮನೇಲಿಟ್ಕೊಂಡಿದ್ರಲ್ಲ ಭಾವ, ಸಿಕ್ತಾ?”

“ಒಂದೂ ಇಲ್ಲ. ಸಿಟ್ಟು ಬರೋದೇ ಅದಕ್ಕೆ.”

ಆಕೆ ನಕ್ಕಳು. “ಅಕ್ಕ ಹೇಳಿದ್ಲು. ಊಟಕ್ಕೆ ಕರೆದ್ರೆ ‘ಇರೇ, ಬಂಡೆ ಬೀಳ್ತಾ ಇದೆ’ ಅಂದ್ರಂತೆ.”

“ನಿಮ್ಮಕ್ಕನ ಬಾಯಲ್ಲಿ ಒಂದು ಮಾತು ನಿಲ್ಲಲ್ಲ,” ಎಂದು ಮೇಷ್ಟ್ರು ಕೆಂಪು ಪುಸ್ತಕವನ್ನು ಮುಂದಕ್ಕೆ ತಳ್ಳಿದರು. “ಇದಕ್ಕೆ ಕೊಡೋಣ. ವಿಷಯ ಗಟ್ಟಿಯಾಗಿದೆ.”

“ಗಟ್ಟಿ ಏನೋ ಹೌದು, ಹಲ್ಲು ಮುರಿಯುತ್ತೆ. ಡೈನೋಸಾರ್ ಸಾಯೋಕ್ಕೆ ಮುಂಚೆ ಓದೋರು ಸತ್ತಿರ್ತಾರೆ.”

ಮೇಷ್ಟ್ರು ನಗಲಿಲ್ಲ. ನೀಲಿ ಪುಸ್ತಕ ತೆರೆದು ಒಂದು ಪುಟದ ತಳಕ್ಕೆ ಬೆರಳಿಟ್ಟರು. ಸುತ್ತಿಗೆಯ ಪೆಟ್ಟು ತಿಂದೂ ತಿಂದೂ ಆ ಬೆರಳಿನ ಉಗುರು ಸೊಟ್ಟಗಾಗಿತ್ತು. “ಬಂಡೆಗೆ ಇಡೀ ಪುಸ್ತಕ. ಜ್ವಾಲಾಮುಖಿಗೆ ನೋಡು, ಇರುವೆ ಸಾಲಿನ ಹಾಗೆ ಒಂದು ಅಡಿಟಿಪ್ಪಣಿ! ‘ಜ್ವಾಲಾಮುಖಿಗಳೂ ಕಾರಣವಿರಬಹುದೆಂದು ಕೆಲವರು ಹೇಳುತ್ತಾರೆ.’ ಆ ಕೆಲವರಲ್ಲಿ ನಾನೂ ಒಬ್ಬ ಕಣಮ್ಮ. ಲಾವಾ ಕಲ್ಲು ಒಡೆಯೋದ್ರಲ್ಲೇ ನನ್ನ ಆಯಸ್ಸು ಹೋಯ್ತು. ಇದು ಶಾಲೆ ಶಾಲೆಗೂ ಹೋದ್ರೆ ನಾವು ಕಂಡಿದ್ದು ಯಾವ ಮಗುವಿಗೆ ಗೊತ್ತಾಗುತ್ತೆ?”

ಭಾವನ ಕಲ್ಲಿನ ಹುಚ್ಚು ನಾದಿನಿಗೆ ಹೊಸದಲ್ಲ. ಅಕ್ಕನ ಮನೆಯ ಕಿಟಕಿಗಳಲ್ಲಿ ಒಂದು ಹೂಕುಂಡ ಇಡಲೂ ಜಾಗವಿರಲಿಲ್ಲ. ಅವಳು ಎರಡೂ ಪುಸ್ತಕಗಳನ್ನು ಅವರ ಮುಂದೆ ಜೋಡಿಸಿಟ್ಟಳು. ಇಡೀ ಬೇಸಿಗೆ ಮಕ್ಕಳ ಮೇಜಿನ ಮೇಲೆ ಬಿದ್ದಿದ್ದರೂ ಕೆಂಪಿನ ಹಾಳೆಗಳು ಒಂದಕ್ಕೊಂದು ಅಂಟಿಕೊಂಡೇ ಇದ್ದವು. ನೀಲಿಯ ಬೆನ್ನು ಕಿತ್ತು ಬಂದಿತ್ತು.

“ಈ ಕೆಂಪಿನಲ್ಲಿ ನಿಮ್ಮ ಜ್ವಾಲಾಮುಖೀನ ಮಣ್ಣು ಮಾಡಿದ್ದಾರೆ, ಭಾವ,” ಎಂದಳು. “ಈ ನೀಲಿಯಲ್ಲಿ ಪುಟದ ತಳದಲ್ಲಾದ್ರೂ ಉಸಿರಾಡ್ತಾ ಇದೆ.”

ಮೇಷ್ಟ್ರು ಕೆಂಪನ್ನು ಒಮ್ಮೆ ತೆರೆದು ಮುಚ್ಚಿದರು. ನೀಲಿಯ ಹರಿದ ಬೆನ್ನನ್ನು ಹೆಬ್ಬೆರಳಿನಿಂದ ಒತ್ತಿ ಒತ್ತಿ ಕೂರಿಸಲು ನೋಡಿದರು. ಅದು ಕೂರಲಿಲ್ಲ. ಕೊನೆಗೆ ಆಯ್ಕೆ ಪಟ್ಟಿಯಲ್ಲಿ ನೀಲಿಯ ಹೆಸರಿನ ಮುಂದೆ ರುಜು ಎಳೆದು ಎದ್ದರು. ಬಾಗಿಲ ತನಕ ಹೋದವರು ತಿರುಗಿ ನಿಂತರು.

“ಬರೆದವನಿಗೆ ಒಂದು ಮಾತು ಹೇಳು. ಮುಂದಿನ ಮುದ್ರಣದಲ್ಲಿ ಆ ಅಡಿಟಿಪ್ಪಣಿಯ ಅಕ್ಷರ ಒಂಚೂರು ದಪ್ಪ ಮಾಡ್ಲಿ. ಮಕ್ಕಳ ಕಣ್ಣಿಗೆ ಕಾಣ್ಬೇಕು.”